ಎರಡು ಪುಸ್ತಕ, ಒಂದು ಊರು



‘ಒಂದು ಛಲೋ ಇತಿಹಾಸದ ಪುಸ್ತಕ ಹೇಳ್ರಿ’ ಎಂದು ಕೇಳುವವರು ಬೆಳಗಾವಿಯಲ್ಲಿ ಬಹಳ ಮಂದಿ. ಯಾರಿಗೆ ಎಂದು ತಿರುಗಿ ಕೇಳಿದರೆ ಆಗ ಗೊತ್ತಾಗುತ್ತದೆ: ಪುಸ್ತಕ ಬೇಕಾಗಿರುವುದು ಐದನೆಯ ತರಗತಿಯ ಮೊಮ್ಮಗಳಿಗೆ, ಇಲ್ಲವೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಮಗನಿಗೆ, ಇಲ್ಲವೆ ನಿವೃತ್ತಿಯಾದ ಮೇಲೆ ಹೊತ್ತು ಹೋಗದ ತಮಗೇ. ಈ ಮೂವರಿಗೂ ಹೊಂದುವ ಪುಸ್ತಕ ಇನ್ನೂ ಅಚ್ಚಾಗಿಲ್ಲ. ಆಗುವುದೂ ಬೇಡ.

ಅದಕ್ಕೇ ನಾನು ಒಂದು ಪುಸ್ತಕ ಹೇಳುವುದಿಲ್ಲ, ಎರಡು ಹೇಳುತ್ತೇನೆ. ಎರಡೂ ತಮ್ಮ ತಮ್ಮಲ್ಲಿ ತುಸು ಜಗಳ ಆಡುವಂಥವಾಗಿರಬೇಕು. ಜತೆಗೆ ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆಗೆ ಬರಬಹುದಾದ ಒಂದು ಊರು ಇರಬೇಕು. ಒಂದೇ ಪುಸ್ತಕ ಓದಿದವನು ಬಹಳ ಗಟ್ಟಿಯಾಗಿ ಮಾತಾಡುತ್ತಾನೆ. ಎರಡನೆಯದನ್ನು ಓದಿದ ಮೇಲೆ ದನಿ ಸ್ವಲ್ಪ ಇಳಿಯುತ್ತದೆ. ನಮ್ಮಂಥ ಗಡಿಯ ಊರಿನಲ್ಲಿ ಆ ದನಿ ಇಳಿಯುವುದು ಬಹಳ ಅಗತ್ಯ.

ಮೊದಲು ಮಕ್ಕಳ ಮಾತು. ಎಂಟು ಹತ್ತು ವರ್ಷದ ಕೂಸಿಗೆ ರಾಜವಂಶಗಳ ಪಟ್ಟಿ ಕೊಡಬೇಡಿ, ಕತೆ ಕೊಡಿ. ಬೆಂಗಳೂರಿನ ರಾಷ್ಟ್ರೋತ್ಥಾನ ಸಾಹಿತ್ಯದವರು ಎಪ್ಪತ್ತರ ದಶಕದಲ್ಲಿ ‘ಭಾರತ-ಭಾರತಿ’ ಎಂಬ ಮಾಲೆಯಲ್ಲಿ 510 ಕಿರುಪುಸ್ತಕಗಳನ್ನು ತಂದರು. ಅಂಗಿಯ ಕಿಸೆಯಲ್ಲಿ ಹಿಡಿಯುವ ಪುಸ್ತಕ, ಒಂದು ಮಧ್ಯಾಹ್ನಕ್ಕೆ ಮುಗಿಯುವ ಓದು. ಅದರಲ್ಲಿ ಎಲ್ಲರೂ ವೀರರೇ, ಎಲ್ಲರೂ ಸಜ್ಜನರೇ. ಆ ವಯಸ್ಸಿಗೆ ಅದು ನಡೆಯುತ್ತದೆ. ಆದರೆ ಅದರ ಜೋಡಿಗೆ ನೆಹರೂ ಅವರು 1928ರಲ್ಲಿ ಮಗಳು ಇಂದಿರೆಗೆ ಬರೆದ ಪತ್ರಗಳನ್ನೂ ಇಡಿ. ಕನ್ನಡದಲ್ಲೂ ಸಿಗುತ್ತವೆ. ಅಲ್ಲಿ ಶುರುವಿಗೇ ರಾಜ, ಕತ್ತಿ ಇಲ್ಲ. ಮೊದಲಿಗೆ ಬರುವುದು ಭೂಮಿ, ಕಲ್ಲು, ಪ್ರಾಣಿ. ನದಿಯ ಉರುಟುಕಲ್ಲೊಂದು ತಾನು ಯಾವ ಗುಡ್ಡದಿಂದ ಮುರಿದು ಬಿದ್ದೆ, ಎಷ್ಟು ದೂರ ಉರುಳಿದೆ, ಹೇಗೆ ನುಣುಪಾದೆ ಎಂಬುದನ್ನು ತಾನೇ ಹೇಳಬಲ್ಲದು, ಓದಲು ಬಂದರೆ ಸಾಕು ಎಂಬ ಅರ್ಥದ ಮಾತು ಅಲ್ಲಿದೆ. ಖಾನಾಪುರದ ಮಕ್ಕಳಿಗೆ ಈ ಪಾಠಕ್ಕೆ ಬೇರೆ ಸಾಮಾನು ಬೇಡ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರ ಪಕ್ಕದಲ್ಲೇ ಹರಿಯುತ್ತಾಳೆ. ಬೇಸಿಗೆಯಲ್ಲಿ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ಒಂದು ಕಲ್ಲು ಕೈಗೆ ಕೊಟ್ಟರೆ ಇತಿಹಾಸದ ಮೊದಲ ಪಾಠ ಮುಗಿಯಿತು.

ಹನ್ನೆರಡು ದಾಟಿದ ಹುಡುಗ ಹುಡುಗಿಯರು ಬೇರೆ ಜಾತಿಯ ಓದುಗರು. ಇವರಿಗೆ ಕಿತ್ತೂರಿನ ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಸಿನೆಮಾದಿಂದ ಮೊದಲೇ ಪರಿಚಯ. 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಅಜ್ಜಿ ನೋಡಿದ್ದರೆ, 2012ರ ‘ಸಂಗೊಳ್ಳಿ ರಾಯಣ್ಣ’ವನ್ನು ಅಪ್ಪ ಅಮ್ಮ ನೋಡಿದ್ದಾರೆ. ಸಿನೆಮಾ ನೋಡಬೇಡಿ ಎನ್ನುವ ಪೈಕಿ ನಾನಲ್ಲ. ಆದರೆ ಸಿನೆಮಾ ಮುಗಿದ ಮೇಲೆ ನಂದಗಡಕ್ಕೆ ಒಮ್ಮೆ ಹೋಗಿ ಬನ್ನಿ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ, ಆ ವರ್ಷದ ಕೊನೆಗೆ ಕೋಟೆ ಬಿತ್ತು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಆಮೇಲೆ ರಾಯಣ್ಣ ಹೂಡಿದ ದಂಗೆ 1831ರ ಜನವರಿಯಲ್ಲಿ ನಂದಗಡದ ಗಲ್ಲಿನಲ್ಲಿ ಕೊನೆಯಾಯಿತು. ಇವತ್ತು ಅಲ್ಲಿಯ ಆಲದ ಮರಕ್ಕೆ ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಸಣ್ಣ ಸಣ್ಣ ತೊಟ್ಟಿಲು ಕಟ್ಟುತ್ತಾರೆ. ಸರಕಾರ ಗಲ್ಲಿಗೇರಿಸಿದವನನ್ನು ಜನ ದೇವರ ಸಾಲಿಗೆ ಸೇರಿಸಿದ್ದಾರೆ.

ಈ ಎರಡೂ ಕಡೆಯವರು ರಾಯಣ್ಣನನ್ನು ಹೇಗೆ ಕಂಡರು ಎಂಬುದು ಎರಡು ಪುಸ್ತಕಗಳಲ್ಲಿ ಸಿಗುತ್ತದೆ. ಒಂದು, 1884ರಲ್ಲಿ ಮುಂಬಯಿ ಸರಕಾರ ಅಚ್ಚು ಹಾಕಿಸಿದ ಬೆಳಗಾವಿ ಜಿಲ್ಲೆಯ ಗ್ಯಾಜೆಟಿಯರ್, ಮಾಲೆಯಲ್ಲಿ 21ನೆಯ ಸಂಪುಟ. ಅಲ್ಲಿ ಕಿತ್ತೂರಿನ ಪ್ರಕರಣ ಕಚೇರಿಯ ಕಡತದಿಂದ ಎತ್ತಿದ ಹಾಗಿದೆ: ಗಲಭೆ, ದಮನ, ಶಾಂತಿ, ಮುಗಿಯಿತು. ಇನ್ನೊಂದು, ಜಾನ್ ಫೇಥ್‌ಫುಲ್ ಫ್ಲೀಟ್ ಎಂಬ ಅಧಿಕಾರಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳು. ನಮ್ಮ ಸೀಮೆಯ ಹಾಡುಗಾರರ ಬಾಯಿಂದ ಸಂಗ್ರಹಿಸಿದವು. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯಿದೆ, ಸಂಗ್ಯಾನ ಕತೆಯಿದೆ, ಆದಾಯ ತೆರಿಗೆ ಹೇರಿದಾಗ ಜನ ಪಟ್ಟ ಪಾಡಿನ ಹಾಡೂ ಇದೆ. ಸರಕಾರದ ಉಪ್ಪು ತಿಂದವನೇ ಸರಕಾರಕ್ಕೆ ತಿರುಗಿ ಬಿದ್ದವನ ಹಾಡನ್ನು ಉಳಿಸಿಕೊಟ್ಟ. ಇಂಥದ್ದನ್ನು ಕಂಡಾಗ ಇತಿಹಾಸದಲ್ಲಿ ಒಳ್ಳೆಯವರು ಕೆಟ್ಟವರು ಎಂದು ಎರಡು ಪಂಕ್ತಿ ಮಾಡಿ ಕೂರಿಸುವುದು ಕಷ್ಟವಾಗುತ್ತದೆ. ಹೈಸ್ಕೂಲಿನ ಮಾಸ್ತರರಿಗೆ ನನ್ನ ವಿನಂತಿ: ಗ್ಯಾಜೆಟಿಯರಿನ ಒಂದು ಪುಟ, ಲಾವಣಿಯ ಒಂದು ನುಡಿ ಎರಡನ್ನೂ ಒಂದೇ ತಾಸಿನಲ್ಲಿ ಓದಿಸಿ ನೋಡಿ. ಪ್ರಶ್ನೆ ಮಕ್ಕಳೇ ಕೇಳುತ್ತಾರೆ.

ಗ್ಯಾಜೆಟಿಯರ್ ಎಂದರೆ ದಪ್ಪ ಪುಸ್ತಕ, ಹೆದರಬೇಡಿ. ಅದನ್ನು ಮೊದಲಿನಿಂದ ಓದಿದವರು ಯಾರೂ ಇಲ್ಲ. ಕೊನೆಯಲ್ಲಿ ಊರುಗಳ ಅಧ್ಯಾಯವಿದೆ, ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ. ನಿಮ್ಮ ಊರಿನ ಹೆಸರು ಹುಡುಕಿ, ಅಲ್ಲಿಂದ ಶುರುಮಾಡಿ. ನಂದಗಡ ಅಂದು ಗೋವೆಯ ಜತೆ ತೆಂಗು, ಉಪ್ಪುಗಳ ವ್ಯಾಪಾರ ಮಾಡುತ್ತಿದ್ದ ಪೇಟೆ ಎಂಬುದು ಅಲ್ಲಿ ಸಿಗುತ್ತದೆ. ಹಳೆಯ ಪ್ರತಿ ಈಗ ಅಂತರ್ಜಾಲದಲ್ಲಿ ಪುಕ್ಕಟೆ. ಸ್ವಾತಂತ್ರ್ಯಾನಂತರ ಸೂರ್ಯನಾಥ ಕಾಮತರು ಪ್ರಧಾನ ಸಂಪಾದಕರಾಗಿದ್ದಾಗ ಜಿಲ್ಲೆಯ ಹೊಸ ಗ್ಯಾಜೆಟಿಯರ್ ಬಂತು. ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು ಒಂದೇ ಊರಿನ ವಿವರ ಓದಿದರೆ ನೂರು ವರ್ಷದಲ್ಲಿ ಏನು ಬದಲಾಯಿತು ಎಂಬುದಕ್ಕೆ ಬೇರೆ ಪ್ರಬಂಧ ಬೇಡ.

ನಂದಗಡದಿಂದ ಮುಂದೆ ಹೋದರೆ ಹಲಸಿ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಕ್ಷಮಿಸಬೇಕು. ಇಂದು ಸಣ್ಣ ಹಳ್ಳಿ. ಒಂದು ಕಾಲಕ್ಕೆ ಪಲಾಸಿಕಾ, ಬನವಾಸಿಯ ಕದಂಬರ ಇನ್ನೊಂದು ರಾಜಧಾನಿ. ಊರ ಬಳಿಯ ಚಕ್ರತೀರ್ಥವೆಂಬ ಸಣ್ಣ ಬಾವಿಯ ಬದಿಯ ಮಣ್ಣುದಿಬ್ಬದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಏಳು ತಾಮ್ರಶಾಸನಗಳು ಸಿಕ್ಕವು. ಎಲ್ಲವೂ ಸಂಸ್ಕೃತದವು, ಐದು ಆರನೆಯ ಶತಮಾನದವು. ಇವನ್ನೂ ಓದಿ ಅಚ್ಚು ಮಾಡಿದವನು ಫ್ಲೀಟನೇ. ಒಂದರಲ್ಲಿ ಕಾಕುಸ್ಥವರ್ಮ ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಹೊಲವೊಂದನ್ನು ಬಿಟ್ಟುಕೊಡುತ್ತಾನೆ. ಇನ್ನೊಂದರಲ್ಲಿ ಮೃಗೇಶವರ್ಮ ತೀರಿಹೋದ ತಂದೆಯ ನೆನಪಿಗೆ ಪಲಾಸಿಕೆಯಲ್ಲಿ ಜಿನಾಲಯ ಕಟ್ಟಿಸುತ್ತಾನೆ. ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಪಂಥದ ಜೈನ ಮುನಿಗಳಿಗೆ ಭೂಮಿ ದಾನ ಮಾಡುತ್ತಾನೆ. ರವಿವರ್ಮನ ಶಾಸನವಂತೂ ನನಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ವರ್ಷ ಕಾರ್ತಿಕದಲ್ಲಿ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಊಟದ ವ್ಯವಸ್ಥೆಯಾಗಬೇಕು ಎಂದು ರಾಜನ ಕಟ್ಟಪ್ಪಣೆ. ಖಾನಾಪುರದ ಮಳೆಯನ್ನು ಬಲ್ಲವರಿಗೆ ಈ ಸಾಲಿನ ಅರ್ಥ ಹೇಳಿಕೊಡಬೇಕಿಲ್ಲ. ಹೊರಗೆ ಕಾಲಿಡಲಾಗದ ನಾಲ್ಕು ತಿಂಗಳು, ಭಿಕ್ಷೆಗೆ ಹೋಗಲಾಗದ ಮುನಿ, ಒಲೆ ಹೊತ್ತಿಸುವ ಖರ್ಚು ಯಾರು ನೋಡಬೇಕು ಎಂಬ ಚಿಂತೆ. ಸಾವಿರದ ಐನೂರು ವರ್ಷದ ಹಿಂದಿನ ಆಡಳಿತ ಇಲ್ಲಿ ಅಡುಗೆಮನೆಯವರೆಗೆ ಬಂದಿದೆ.

ಕಾಲೇಜಿನ ವಿದ್ಯಾರ್ಥಿಗಳು ಹಲಸಿಗೆ ಹೋಗುವ ಮುಂಚೆ ಫ್ಲೀಟನ ‘ಕನ್ನಡ ಜಿಲ್ಲೆಗಳ ರಾಜವಂಶಗಳು’ ಎಂಬ ಇಂಗ್ಲಿಷ್ ಗ್ರಂಥವನ್ನೂ, ಗೋವೆಯ ಜಾರ್ಜ್ ಮೊರೇಸ್ 1931ರಲ್ಲಿ ಪ್ರಕಟಿಸಿದ ‘ಕದಂಬ ಕುಲ’ವನ್ನೂ ತಿರುವಿಹಾಕಲಿ. ಫ್ಲೀಟ್ ಒಣಗಿದ ಕಟ್ಟಿಗೆಯಂಥ ಬರಹಗಾರ. ತೇದಿ, ವಂಶಾವಳಿ, ಅಡಿಟಿಪ್ಪಣಿ, ಅಷ್ಟೇ. ಮೊರೇಸರಿಗೆ ಕದಂಬರ ಮೇಲೆ ಪ್ರೀತಿಯಿದೆ, ಕೆಲವೊಮ್ಮೆ ಪ್ರೀತಿ ಹೆಚ್ಚೇ ಆಯಿತೆನ್ನಿಸುತ್ತದೆ. ಆದರೆ ಗೋವೆಯ ಕದಂಬರ ಕತೆ ಅವರಲ್ಲಿ ಬಿಚ್ಚಿಕೊಳ್ಳುವಂತೆ ಬೇರೆಲ್ಲೂ ಇಲ್ಲ. ಹಲಸಿಯ ಭೂವರಾಹ ನರಸಿಂಹ ಗುಡಿಯಲ್ಲಿ ಎದುರುಬದುರಾದ ಎರಡು ಗರ್ಭಗುಡಿಗಳನ್ನು ನೋಡುವಾಗ ಆ ವಂಶದ, ಹನ್ನೆರಡನೆಯ ಶತಮಾನದ ದೊರೆ ಶಿವಚಿತ್ತ ಪೆರ್ಮಾಡಿಯ ಹೆಸರು ನೆನಪಿರಬೇಕು. ಅವನ ರಾಣಿ ಕಮಲಾದೇವಿ ದೇಗಾವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯನ್ನೂ ಅದೇ ಓಡಾಟದಲ್ಲಿ ನೋಡಿಬಿಡಿ. ಹೆಣ್ಣುಮಕ್ಕಳು ಏನು ಕಟ್ಟಿಸಿದರು ಎಂದು ಕೇಳುವ ಓದುಗರಿಗೆ ಅಲ್ಲಿ ಕಲ್ಲಿನಲ್ಲೇ ಉತ್ತರವಿದೆ.

ಶಾಸನವೆಂದರೆ ಗುಡಿಯ ಮುಂದೆ ನಿಂತಿರುವ ಕಲ್ಲು ಎಂದು ನಾವು ತಿಳಿದಿದ್ದೇವೆ. ಎಲ್ಲ ಕಲ್ಲುಗಳೂ ನಿಂತಲ್ಲೇ ನಿಂತಿಲ್ಲ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ಅದನ್ನು ಹೇಳುವ 1204ರ ಹಳಗನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಾವು ಅಲ್ಲಿಗೆ ಹೋಗುವಂತಿಲ್ಲ, ಅವು ಬರುವಂತಿಲ್ಲ. ಆದರೆ ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ವಿದ್ವಾಂಸ ಬಾರ್ನೆಟ್ ಅವುಗಳ ಪಾಠ ಕೊಟ್ಟಿದ್ದಾನೆ. ಆ ಪುಟಗಳ ಪ್ರತಿ ತೆಗೆದುಕೊಂಡು ಬಸದಿಯ ಕಟ್ಟೆಯ ಮೇಲೆ ಕೂತು ಓದಿ. ಕನ್ನಡ ಎಂ.ಎ. ಮಾಡಿದವರು ಜತೆಗಿದ್ದರೆ ಇನ್ನೂ ಒಳ್ಳೆಯದು. ಅವರಿಗೂ ಹಳಗನ್ನಡಕ್ಕೆ ಒಂದು ಕೆಲಸ ಸಿಕ್ಕಂತಾಗುತ್ತದೆ.

ಇನ್ನು ಅಭಿಮಾನದ ಪುಸ್ತಕ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. ಕನ್ನಡ ಮಾತಾಡುವವರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ದಿನಗಳು. ನಮಗೂ ಒಂದು ಚರಿತ್ರೆಯಿದೆ ಎಂದು ಕೂಗಿ ಹೇಳದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಪುಸ್ತಕ ಕೂಗುವುದು ಅದಕ್ಕೇ. ಇವತ್ತಿಗೂ ಓದಿ, ಆದರೆ ಜೋಡಿಗೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಇರಲಿ. 1966ರ ಈ ಗ್ರಂಥ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನೇ ಆಧಾರ ಮಾಡಿಕೊಂಡು ಜನಜೀವನವನ್ನು ಹೇಳುತ್ತದೆ. ತುರು ಕಾಯಲು ಹೋಗಿ ಸತ್ತವನು, ಗಂಡನ ಚಿತೆ ಏರಿದವಳು, ಮಠದಲ್ಲಿ ಪಾಠ ಹೇಳಿದವನು, ಎಲ್ಲರಿಗೂ ಅಲ್ಲಿ ಜಾಗವಿದೆ. ವೈಭವಕ್ಕೆ ತೆತ್ತ ಬೆಲೆ ಎಷ್ಟು ಎಂಬ ಲೆಕ್ಕ ಆಲೂರರಲ್ಲಿಲ್ಲ, ಇಲ್ಲಿದೆ. ಪರೀಕ್ಷೆಗೆ ಕೂತವರಿಗೆ ಇವೆರಡೂ ಸಾಲವು. ಅವರು ಪಿ.ಬಿ. ದೇಸಾಯಿಯವರ ಸಂಪಾದಕತ್ವದಲ್ಲಿ ಧಾರವಾಡದ ವಿಶ್ವವಿದ್ಯಾಲಯ 1970ರಲ್ಲಿ ತಂದ ಕರ್ನಾಟಕದ ಇತಿಹಾಸವನ್ನೋ, ಸೂರ್ಯನಾಥ ಕಾಮತರ ಸಂಕ್ಷಿಪ್ತ ಇತಿಹಾಸವನ್ನೋ ಓದಿಕೊಳ್ಳಲಿ. ಗೈಡು ಬಾಯಿಪಾಠ ಮಾಡಿ ಇತಿಹಾಸ ಓದಿದೆ ಎನ್ನುವುದು ಮಾತ್ರ ಬೇಡ.

ಈಗ ನಮ್ಮ ಊರಿಗೇ ವಿಶೇಷವಾದ ಓದುಗ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಅಥವಾ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ಖಡೇಬಜಾರಿನಲ್ಲಿ ಒಂದು ಸೀರೆ ಕೊಳ್ಳುವಷ್ಟರಲ್ಲಿ ಮೂರು ಸಲ ಭಾಷೆ ಬದಲಿಸುವವರು ನಾವು. ಎರಡೂ ಭಾಷೆ ಓದಬಲ್ಲ ಇಂಥವರು ಈ ದೇಶದಲ್ಲೇ ಭಾಗ್ಯವಂತರು, ಆದರೆ ಆ ಭಾಗ್ಯವನ್ನು ಹೆಚ್ಚಿನವರು ಬಳಸುವುದಿಲ್ಲ. ಅವರಿಗೆ ನಾನು ಹೇಳುವ ಜೋಡಿ ಶಂ.ಬಾ. ಜೋಶಿ ಮತ್ತು ರಾ.ಚಿಂ. ಢೇರೆ.

ಶಂಬಾ ನಮ್ಮವರೇ. 1896ರಲ್ಲಿ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮಲಪ್ರಭೆಯ ದಂಡೆಯ ಊರು. ಮೂವತ್ತರ ದಶಕದಲ್ಲಿ ‘ಕಣ್ಮರೆಯಾದ ಕನ್ನಡ’, ‘ಮಹಾರಾಷ್ಟ್ರದ ಮೂಲ’, ‘ಕನ್ನಡದ ನೆಲೆ’ ಎಂದು ಒಂದರ ಹಿಂದೊಂದು ಬರೆದರು. ಊರ ಹೆಸರು, ದೇವರ ಹೆಸರು, ಕುಲದ ಹೆಸರು ಹಿಡಿದು ಮಹಾರಾಷ್ಟ್ರದ ಒಳನಾಡಿನವರೆಗೂ ಕನ್ನಡದ ಜಾಡು ಹುಡುಕಿದರು. ಇದನ್ನು ಬರೇ ಕನ್ನಡಿಗರ ಎದುರು ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು ಮರಾಠಿಯಲ್ಲೂ ಪುಸ್ತಕ ಬರೆದು ಆ ಓದುಗರ ಮುಂದೆಯೇ ವಾದ ಇಟ್ಟರು. ಇಂಥ ಧೈರ್ಯ ಇಂದಿನ ಭಾಷಣಕಾರರಲ್ಲಿ ಕಡಿಮೆ. ಅವರ ಎಲ್ಲ ವ್ಯುತ್ಪತ್ತಿಗಳನ್ನೂ ಇಂದಿನ ಭಾಷಾಶಾಸ್ತ್ರ ಒಪ್ಪುವುದಿಲ್ಲ, ಕೆಲವು ಕಡೆ ಅವರು ಬಹಳ ಉದ್ದ ಜಿಗಿಯುತ್ತಾರೆ. ಆದರೂ ದಾರಿ ತೋರಿಸಿದವರು ಅವರೇ. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಢೇರೆಯವರದು ಆಚೆ ದಡದಿಂದ ಬಂದ ಮಾತು. ಪುಣೆಯ ಈ ವಿದ್ವಾಂಸರು 1984ರಲ್ಲಿ ಮರಾಠಿಯಲ್ಲಿ ಬರೆದ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಪಂಢರಪುರದ ವಿಠೋಬನ ಬೇರನ್ನು ದನಗಾಹಿ ಕುರಿಗಾಹಿಗಳ ವೀರಾರಾಧನೆಯಲ್ಲಿ, ಕನ್ನಡ ನೆಲದ ನಂಟಿನಲ್ಲಿ ಹುಡುಕುತ್ತದೆ. ಮಹಾರಾಷ್ಟ್ರದ ಕುಲದೈವದ ಬಗ್ಗೆ ಇದನ್ನು ಬರೆದವರು ಮರಾಠಿಯವರೇ, ಅದನ್ನು ಗೌರವಿಸಿ 1987ರಲ್ಲಿ ಮರಾಠಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಟ್ಟರು. ಆಷಾಢದಲ್ಲಿ ನಮ್ಮ ಹಳ್ಳಿಗಳಿಂದ ಪಂಢರಪುರಕ್ಕೆ ಹೊರಡುವ ದಿಂಡಿಯಲ್ಲಿ ಕನ್ನಡದವರೂ ಮರಾಠಿಯವರೂ ಇರುತ್ತಾರೆ. ಆ ದಿಂಡಿಗೆ ಹೋಗುವವರ ಜೋಳಿಗೆಯಲ್ಲಿ ಶಂಬಾ ಒಂದು ಕಡೆ, ಢೇರೆ ಒಂದು ಕಡೆ ಇದ್ದರೆ ದಾರಿಯ ಮಾತಿಗೆ ಕೊರತೆಯಿಲ್ಲ.

ಕಾದಂಬರಿ ಓದುವವರಿಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಎಂದು ಹೇಳುವುದು ಸುಲಭ, ಎಲ್ಲರೂ ಹೇಳುತ್ತಾರೆ. ಒಳ್ಳೆಯವೇ. ನಮ್ಮ ಜಿಲ್ಲೆಯ ಓದುಗರಿಗೆ ಅದಕ್ಕಿಂತ ಹತ್ತಿರದ್ದು ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’. ಗೋಕಾಕ ತಾಲೂಕಿನ ಮಲಾಮರಡಿಯ ಕಟ್ಟೀಮನಿ 1942ರ ಚಳವಳಿಯಲ್ಲಿ ತಾವೇ ಜೈಲು ಕಂಡವರು. ಹಳ್ಳಿಯ ಹುಡುಗರು ಒಂದು ದಿನ ಇದ್ದಕ್ಕಿದ್ದಂತೆ ಸರಕಾರದ ವಿರುದ್ಧ ಎದ್ದದ್ದು ಹೇಗೆ ಎಂಬುದನ್ನು ಒಳಗಿನಿಂದ ಬರೆದಿದ್ದಾರೆ. ಅದರ ಜೋಡಿಗೆ ಸೂರ್ಯನಾಥ ಕಾಮತರು ಸಂಪಾದಿಸಿದ ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಸಂಪುಟಗಳನ್ನು ತೆಗೆಯಿರಿ. ಹೋರಾಟಗಾರರು ಮುಪ್ಪಿನಲ್ಲಿ ಹೇಳಿದ ನೆನಪುಗಳು. ಕಾದಂಬರಿಕಾರ ತುಂಬಿದ ಬಣ್ಣ ಎಷ್ಟು, ಮುದುಕರೇ ತುಂಬಿಕೊಂಡ ಬಣ್ಣ ಎಷ್ಟು ಎಂದು ನೋಡುತ್ತ ಕೂರಬಹುದು. ನೋಡಬೇಕಾದ ಜಾಗ ಟಿಳಕವಾಡಿಯ ವೀರಸೌಧ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ನಡೆದ ಜಾಗ. ತಮ್ಮ ಜೀವನದಲ್ಲಿ ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಅಲ್ಲಿಯ ಭಾಷಣ ಅವರ ಸಮಗ್ರ ಬರಹಗಳ ಇಂಗ್ಲಿಷ್ ಆವೃತ್ತಿಯ 25ನೆಯ ಸಂಪುಟದಲ್ಲಿದೆ. ಅಧಿವೇಶನ ತಂದ ಗಂಗಾಧರರಾವ್ ದೇಶಪಾಂಡೆಯವರು ಆತ್ಮಕತೆ ಬರೆದದ್ದು ಮರಾಠಿಯಲ್ಲಿ. ಕರ್ನಾಟಕ ಸಿಂಹ ಎನಿಸಿಕೊಂಡವರ ಜೀವನಕತೆ ಮರಾಠಿಯಲ್ಲಿ ಎಂದರೆ ಹುಬ್ಬೇರಿಸುವವರು ಬೆಳಗಾವಿಯವರಲ್ಲ.

ವಚನ ಸಾಹಿತ್ಯದ ಆಸಕ್ತರಿಗೆ ಒಂದೇ ಮಾತು. ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರು, ಅವರು ಹಿಂದಕ್ಕೆ ಕಳಿಸಿದರು. ಕೊನೆಗೆ 1923ರಲ್ಲಿ ಅದು ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ, ಜೈನರಾದ ಚೌಗುಲೆಯವರ ಪ್ರೆಸ್ಸಿನಲ್ಲಿ. ಶರಣರ ವಚನಕ್ಕೆ ಜೈನರ ಪ್ರೆಸ್ಸು. ಪುಸ್ತಕಗಳಿಗೂ ಒಂದು ಇತಿಹಾಸವಿದೆ ನೋಡಿ.

ಕನ್ನಡ ನಾಡಿನಾಚೆಯ ದೃಷ್ಟಿ ಬೇಕೆನ್ನುವ, ಇಂಗ್ಲಿಷ್ ಸರಾಗವಾಗಿ ಓದುವ ತರುಣರಿಗೆ ರಿಚರ್ಡ್ ಈಟನ್ 2005ರಲ್ಲಿ ಬರೆದ ದಖ್ಖನಿನ ಸಾಮಾಜಿಕ ಇತಿಹಾಸ ಹೇಳುತ್ತೇನೆ. ಎಂಟು ಜನರ ಬದುಕಿನ ಮೂಲಕ 1300ರಿಂದ 1761ರವರೆಗಿನ ಕತೆ. ಅದರಲ್ಲಿ ಮಹಮೂದ್ ಗವಾನ್ ಇದ್ದಾನೆ, ವಿಜಯನಗರದ ರಾಮರಾಯನಿದ್ದಾನೆ, ತುಕಾರಾಮನಿದ್ದಾನೆ, ಕೊಲ್ಹಾಪುರದ ತಾರಾಬಾಯಿಯಿದ್ದಾಳೆ. ಗವಾನನ ಸೈನ್ಯ 1472ರ ಸುಮಾರಿಗೆ ನಮ್ಮ ಕೋಟೆಯನ್ನು ಮುತ್ತಿ, ಸಿಡಿಮದ್ದಿನಿಂದ ಗೋಡೆ ಒಡೆದ ವಿಷಯವನ್ನು ವಿಜಾಪುರದ ಆಸ್ಥಾನದಲ್ಲಿ ಬರೆಯುತ್ತಿದ್ದ ಫಿರಿಸ್ತಾ ಹೇಳುತ್ತಾನೆ. ಕೋಟೆಯ ಕಂದಕದ ಸುತ್ತ ಬೆಳಗಿನ ವಾಕಿಂಗ್ ಹೋಗುವವರು ಇದನ್ನು ತಿಳಿದಿದ್ದರೆ ಎರಡು ಸುತ್ತು ಹೆಚ್ಚೇ ಹಾಕುತ್ತಾರೆ. ಇದರ ಜೋಡಿ ಗಣಿತಜ್ಞ ಡಿ.ಡಿ. ಕೊಸಾಂಬಿ, ಘಟ್ಟದ ಕೆಳಗಿನ ಗೋವೆಯವರು. ಅವರ ‘ಮಿಥ್ ಅಂಡ್ ರಿಯಾಲಿಟಿ’ಯ ಒಂದು ಅಧ್ಯಾಯ ಗೋವೆಯ ಗ್ರಾಮ ಸಮುದಾಯಗಳ ಬಗ್ಗೆಯೇ ಇದೆ. ಲೋಂಡಾ ದಾಟಿ ರೈಲು ಘಟ್ಟ ಇಳಿಯುವಾಗ ಓದಲು ಹೇಳಿಮಾಡಿಸಿದ್ದು.

ಕೊನೆಗೆ ಅರವತ್ತು ದಾಟಿದವರು. ನೀವು ಓದುವುದರ ಜತೆಗೆ ಓದಿಕೊಡುವ ಕೆಲಸವನ್ನೂ ಮಾಡಬಹುದು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ತೆರೆದು ನೋಡಿ. ಇನ್ನೂರು ವರ್ಷದ ಹಿಂದೆ ಬ್ರಿಟಿಷ್ ಅಧಿಕಾರಿ ಮೆಕೆಂಜಿಯ ಜನ ಊರೂರು ತಿರುಗಿ ಗೌಡ ಶ್ಯಾನುಭೋಗರಿಂದ ಕೇಳಿ ಬರೆಸಿದ ಸ್ಥಳಚರಿತ್ರೆಗಳವು. ನಮ್ಮ ಬೆಳಗಾವಿ, ಖಾನಾಪುರದ ಎಷ್ಟೋ ಹಳೆಯ ಮನೆಗಳ ಅಟ್ಟದ ಮೇಲೆ ಇಂಥದೇ ಕಾಗದಗಳಿವೆ. ವತನದ ಪತ್ರ, ಸಾಲದ ಚೀಟಿ, ಗುಡಿಯ ಖರ್ಚಿನ ಲೆಕ್ಕ, ಹೆಚ್ಚಿನವು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ. ಮಕ್ಕಳಿಗೆ ಮೋಡಿ ಬರುವುದಿಲ್ಲ, ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಮನೆಗೆ ಸುಣ್ಣ ಬಳಿಯುವಾಗ ಆ ಗಂಟು ರದ್ದಿಯವನ ತಕ್ಕಡಿ ಸೇರುವ ಮೊದಲು ಕೆಳಗಿಳಿಸಿ. ನಿಮಗೆ ಓದಲು ಬಂದರೆ ಒಂದೊಂದೇ ಕಾಗದವನ್ನು ಕನ್ನಡ ಅಕ್ಷರದಲ್ಲಿ ವಹಿಗೆ ಇಳಿಸಿ, ತೇದಿ, ಊರು, ಹೆಸರು ಬೇರೆ ಪಟ್ಟಿಮಾಡಿ. ಬಾರದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆಸಿ, ಮೋಡಿ ಬಲ್ಲವರ ಕೈಗೆ ಕೊಡಿ. ಮೂಲ ಕಾಗದವನ್ನು ಮಾತ್ರ ಯಾರಿಗೂ ಕೈಬಿಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಖಾನಾಪುರದ ಮಳೆಗಾಲದಲ್ಲಿ ಬೆವೆತು ಬೂಸು ಹಿಡಿಯುತ್ತದೆ. ಹಳೆಯ ಕಾಟನ್ ಧೋತರದಲ್ಲಿ ಸುತ್ತಿ, ಗಾಳಿಯಾಡುವ ಕಪಾಟಿನಲ್ಲಿಡಿ.